ಪ್ರೋಗ್ರಾಂ ನಿಲ್ಲಿಸದೆ ಸೆಟ್ಟಿಂಗ್ ಓದುವುದು, ಬದಲಿಸುವುದು: ಡಾಟ್ ನೆಟ್‌ನ ಹಳೆಯ ಕಾನ್ಫಿಗ್‌ನಿಂದ ಹೊಸ ಜೇಸನ್‌ವರೆಗೆ

ಪ್ರೋಗ್ರಾಂ ಓಡುತ್ತಿರುವಾಗಲೇ ಅದರ ಕಾನ್ಫಿಗ್ ಫೈಲ್ (ಸೆಟ್ಟಿಂಗ್‌ಗಳನ್ನು ಬರೆದಿಟ್ಟ ಫೈಲ್) ತೆರೆದು ಒಂದು ವ್ಯಾಲ್ಯೂ ಬದಲಿಸಿ ಸೇವ್ ಮಾಡುತ್ತೀರಿ. ಪ್ರೋಗ್ರಾಂ ಮಾತ್ರ ಹಳೆಯದನ್ನೇ ಹಿಡಿದುಕೊಂಡು ಕೂತಿರುತ್ತದೆ. ಅಥವಾ ಪ್ರೋಗ್ರಾಂ ಒಳಗಿಂದಲೇ ಬದಲಿಸುತ್ತೀರಿ, ಸ್ಕ್ರೀನ್ ಮೇಲೆ ಹೊಸದು ಕಾಣುತ್ತದೆ, ಮರುದಿನ ತೆರೆದರೆ ಮತ್ತೆ ಹಳೆಯದೇ. ಪ್ರೋಗ್ರಾಂ ಬರೆಯಲು ಬಳಸುವ ಮೈಕ್ರೋಸಾಫ್ಟ್‌ನ ವೇದಿಕೆಯಾದ ಡಾಟ್ ನೆಟ್‌ನಲ್ಲಿ ಕೆಲಸ ಮಾಡುವವರಿಗೆ ಇವೆರಡೂ ಪರಿಚಯದ ತಲೆನೋವು, ಅಲ್ವಾ?

ಎರಡಕ್ಕೂ ಕಾರಣ ಒಂದೇ. ಡಿಸ್ಕ್‌ನಲ್ಲಿರುವ ಫೈಲ್ ಬೇರೆ, ಪ್ರೋಗ್ರಾಂ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುವ ಪ್ರತಿ ಬೇರೆ. ಒಂದು ಬದಲಾದರೆ ಇನ್ನೊಂದಕ್ಕೆ ತಾನಾಗಿ ಗೊತ್ತಾಗುವುದಿಲ್ಲ, ಯಾರಾದರೂ ಹೋಗಿ ಹೇಳಬೇಕು. ಆದ್ದರಿಂದ ಈ ಬರಹದಲ್ಲಿ ಎಲ್ಲೇ ಇದ್ದರೂ ಒಂದು ಪ್ರಶ್ನೆ ಕೈಯಲ್ಲಿರಲಿ: ಈಗ ನಾನು ಮುಟ್ಟುತ್ತಿರುವುದು ಯಾವ ಪ್ರತಿ? ಅದಕ್ಕೆ ಉತ್ತರ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಕ್ಲಾಸ್, ಮೆಥಡ್‌ಗಳ ಹೆಸರನ್ನು ಉಚ್ಚಾರದಂತೆ ಬರೆದಿದ್ದೇನೆ. ವಿಶುವಲ್ ಸ್ಟುಡಿಯೋದಲ್ಲಿ ಮೊದಲ ನಾಲ್ಕು ಅಕ್ಷರ ಟೈಪ್ ಮಾಡಿದರೆ ಪೂರ್ತಿ ಹೆಸರು ಅದೇ ತೋರಿಸುತ್ತದೆ.

ಹಳೆಯ ದಾರಿ: ಆ್ಯಪ್ ಡಾಟ್ ಕಾನ್ಫಿಗ್

ಡಾಟ್ ನೆಟ್ ಫ್ರೇಮ್‌ವರ್ಕ್‌ನಲ್ಲಿ ಬರೆದ ಡೆಸ್ಕ್‌ಟಾಪ್ ಪ್ರೋಗ್ರಾಂಗಳು ಇವತ್ತಿಗೂ ಎಷ್ಟೋ ಅಂಗಡಿ, ಕ್ಲಿನಿಕ್, ಆಫೀಸುಗಳಲ್ಲಿ ಓಡುತ್ತಿವೆ. ಹಾಗಾಗಿ ಇದನ್ನು ಹಳೆಯದು ಎಂದು ತಳ್ಳಿಹಾಕುವಂತಿಲ್ಲ. ಒಂದು ಬಿಲ್ಲಿಂಗ್ ಪ್ರೋಗ್ರಾಂ ಇದೆ ಅಂದುಕೊಳ್ಳಿ. ಅದರ ಪ್ರಿಂಟರ್ ಹೆಸರು ಕಾನ್ಫಿಗ್‌ನಲ್ಲಿದೆ. ಅಂಗಡಿಯವರು ಪ್ರಿಂಟರ್ ಬದಲಿಸಿದರೆ ಪ್ರೋಗ್ರಾಂ ಮುಚ್ಚದೆಯೇ ಹೊಸ ಪ್ರಿಂಟರ್‌ಗೆ ಬಿಲ್ ಹೋಗಬೇಕು.

ನಿಮ್ಮ ಪ್ರಾಜೆಕ್ಟ್‌ನಲ್ಲಿ ಇರುವುದು ಆ್ಯಪ್ ಡಾಟ್ ಕಾನ್ಫಿಗ್ ಎಂಬ ಎಕ್ಸ್‌ಎಂಎಲ್ ಫೈಲ್. ಬಿಲ್ಡ್ ಮಾಡಿದಾಗ ಅದರ ನಕಲು ಔಟ್‌ಪುಟ್ ಫೋಲ್ಡರ್‌ಗೆ ಹೋಗುತ್ತದೆ, ಹೋಗುವಾಗ ಹೆಸರು ಬದಲಾಗುತ್ತದೆ: ಪ್ರೋಗ್ರಾಂನ ಎಕ್ಸಿ ಫೈಲ್ ಹೆಸರು, ಅದರ ಮುಂದೆ ಡಾಟ್ ಕಾನ್ಫಿಗ್. ಡಾಟ್ ನೆಟ್ ಕೋರ್ ಮತ್ತು ಅದರ ನಂತರದವುಗಳಲ್ಲಿ ಎಕ್ಸಿ ಬದಲು ಡಿಎಲ್ಎಲ್ ಹೆಸರಿನ ಮುಂದೆ ಡಾಟ್ ಕಾನ್ಫಿಗ್ ಬರುತ್ತದೆ. ಓಡುವ ಪ್ರೋಗ್ರಾಂ ನೋಡುವುದು ಈ ನಕಲನ್ನು ಮಾತ್ರ. ಪ್ರಾಜೆಕ್ಟ್‌ನಲ್ಲಿರುವ ಮೂಲ ಫೈಲನ್ನು ಅದು ಓದುವುದೂ ಇಲ್ಲ, ಅದಕ್ಕೆ ಬರೆಯುವುದೂ ಇಲ್ಲ. "ಸೇವ್ ಆಗ್ತಾನೇ ಇಲ್ಲ" ಎಂದು ಹೇಳುವ ಬಹಳಷ್ಟು ಜನ ಸೇವ್ ಆದ ಮೇಲೆ ತೆರೆದು ನೋಡುವುದು ಪ್ರಾಜೆಕ್ಟ್‌ನ ಆ ಮೂಲ ಫೈಲನ್ನು. ಬಿನ್ ಫೋಲ್ಡರ್ ಒಳಗೆ ಹೋಗಿ ನೋಡಿ, ಅಲ್ಲಿ ಬದಲಾಗಿರುತ್ತದೆ.

ಇನ್ನೊಂದು. ವಿಶುವಲ್ ಸ್ಟುಡಿಯೋ 2015 ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಡೀಬಗ್ ಮಾಡುವಾಗ ವಿಎಸ್‌ಹೋಸ್ಟ್ ಎಂಬ ಪ್ರತ್ಯೇಕ ಪ್ರೋಸೆಸ್ ಓಡುತ್ತಿತ್ತು, ಅದಕ್ಕೆ ತನ್ನದೇ ಕಾನ್ಫಿಗ್ ನಕಲು ಇರುತ್ತಿತ್ತು. 2017ರಿಂದ ಅದನ್ನು ತೆಗೆದಿದ್ದಾರೆ. ಹಳೆಯ ಮೆಷಿನ್‌ನಲ್ಲಿ ಕೆಲಸ ಮಾಡುತ್ತಿದ್ದರೆ ಮಾತ್ರ ಇದು ನೆನಪಿರಲಿ.

ಓದುವುದು ಸುಲಭ. ಸಿಸ್ಟಮ್ ಡಾಟ್ ಕಾನ್ಫಿಗರೇಷನ್ ರೆಫರೆನ್ಸ್ ಸೇರಿಸಿ. ಹೊಸ ಡಾಟ್ ನೆಟ್ ಆದರೆ ಅದೇ ಹೆಸರಿನ ಕಾನ್ಫಿಗರೇಷನ್ ಮ್ಯಾನೇಜರ್ ಪ್ಯಾಕೇಜನ್ನು ಡಾಟ್ ನೆಟ್‌ನ ಪ್ಯಾಕೇಜ್ ಸಂಗ್ರಹವಾದ ನುಗೆಟ್‌ನಿಂದ ತನ್ನಿ. ಆಮೇಲೆ ಕಾನ್ಫಿಗರೇಷನ್ ಮ್ಯಾನೇಜರ್ ಕ್ಲಾಸ್‌ನ ಆ್ಯಪ್ ಸೆಟ್ಟಿಂಗ್ಸ್ ಪ್ರಾಪರ್ಟಿಗೆ ಚೌಕ ಬ್ರಾಕೆಟ್‌ನಲ್ಲಿ ಕೀ ಕೊಟ್ಟರೆ ವ್ಯಾಲ್ಯೂ ಬರುತ್ತದೆ. ಬರುವುದು ಯಾವಾಗಲೂ ಸ್ಟ್ರಿಂಗ್. ಕೀ ಇಲ್ಲದಿದ್ದರೆ ಎರರ್ ಬರುವುದಿಲ್ಲ, ಸುಮ್ನೆ ನಲ್ ಬರುತ್ತದೆ. ಆದ್ದರಿಂದ ನಲ್ ಬಂದರೆ ಬಳಸಲು ಒಂದು ಡೀಫಾಲ್ಟ್ ಇಟ್ಟುಕೊಳ್ಳಿ. ಸಂಖ್ಯೆ ಬೇಕಾದರೆ ನೇರವಾಗಿ ಪಾರ್ಸ್ ಮಾಡದೆ (ಪಾರ್ಸ್ ಅಂದರೆ ಸ್ಟ್ರಿಂಗನ್ನು ಸಂಖ್ಯೆಯಾಗಿ ಓದುವುದು), ಓದಲಾಗದಿದ್ದರೂ ಎರರ್ ಕೊಡದ ಟ್ರೈಪಾರ್ಸ್ ಬಳಸಿ. ದಶಮಾಂಶ ಸಂಖ್ಯೆಗೆ ಇನ್‌ವೇರಿಯಂಟ್ ಕಲ್ಚರ್ (ಯಾವ ದೇಶದ ರೂಢಿಗೂ ಸೇರದ ಸೆಟ್ಟಿಂಗ್) ಕೊಡಲೇಬೇಕು, ಯಾಕೆಂದರೆ ಜರ್ಮನಿಯ ಸೆಟ್ಟಿಂಗ್ ಇರುವ ವಿಂಡೋಸ್‌ನಲ್ಲಿ ಚುಕ್ಕಿ ಮತ್ತು ಅಲ್ಪವಿರಾಮ ಅದಲುಬದಲಾಗಿ ನಿಮ್ಮ 2.5 ಎನ್ನುವುದು 25 ಆಗಿಬಿಡಬಹುದು. ಅಂದ ಹಾಗೆ, ಯಾರಾದರೂ ಫೈಲ್‌ನಲ್ಲಿ ಕನ್ನಡ ಅಂಕಿಯಲ್ಲಿ ೧೦ ಎಂದು ಬರೆದಿದ್ದರೆ ಡಾಟ್ ನೆಟ್‌ನ ಸಂಖ್ಯೆ ಪಾರ್ಸ್ ಮಾಡುವ ಮೆಥಡ್‌ಗಳು ಅದನ್ನು ಒಪ್ಪುವುದಿಲ್ಲ.

ಈಗ ಮುಖ್ಯ ವಿಷಯ. ಆ್ಯಪ್ ಸೆಟ್ಟಿಂಗ್ಸ್ ವಿಭಾಗವನ್ನು ಮೊದಲ ಸಲ ಕೇಳಿದಾಗ ಡಿಸ್ಕ್‌ನಿಂದ ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ನೀವು ಎಷ್ಟು ಸಲ ಕೇಳಿದರೂ ಸಿಗುವುದು ಆ ಪ್ರತಿಯೇ. ನೋಟ್‌ಪ್ಯಾಡ್‌ನಲ್ಲಿ ಫೈಲ್ ಬದಲಿಸಿದರೂ ಪ್ರೋಗ್ರಾಂಗೆ ಗೊತ್ತಾಗದಿರುವುದು ಇದಕ್ಕೇ. ಮತ್ತೆ ಡಿಸ್ಕ್‌ನಿಂದ ಓದಿಸಬೇಕು ಅಂದರೆ ಕಾನ್ಫಿಗರೇಷನ್ ಮ್ಯಾನೇಜರ್‌ನ ರಿಫ್ರೆಶ್ ಸೆಕ್ಷನ್ ಮೆಥಡ್ ಕರೆಯಿರಿ, ಅದಕ್ಕೆ ವಿಭಾಗದ ಹೆಸರು ಕೊಡಿ. ಎಕ್ಸ್‌ಎಂಎಲ್‌ನಲ್ಲಿ ಆ ಹೆಸರು ಹೇಗಿದೆಯೋ ಹಾಗೆಯೇ ಇರಲಿ, ದೊಡ್ಡಕ್ಷರ ಸಣ್ಣಕ್ಷರ ಸೇರಿದಂತೆ. ಈ ಮೆಥಡ್ ತಕ್ಷಣ ಏನನ್ನೂ ಓದುವುದಿಲ್ಲ. ಹಳೆಯ ಪ್ರತಿ ಬೇಡ ಎಂದು ಗುರುತು ಹಾಕುತ್ತದೆ ಅಷ್ಟೇ, ಮುಂದಿನ ಸಲ ಕೇಳಿದಾಗ ಡಿಸ್ಕ್‌ಗೆ ಹೋಗುತ್ತದೆ.

ಕಾನ್ಫಿಗ್‌ಗೆ ಬರೆಯುವುದು

ಆ್ಯಪ್ ಸೆಟ್ಟಿಂಗ್ಸ್‌ಗೆ ನೇರವಾಗಿ ಹೊಸ ವ್ಯಾಲ್ಯೂ ಕೊಡಲು ಹೋಗಬೇಡಿ. ಅದು ಫೈಲನ್ನು ಮುಟ್ಟುವುದೇ ಇಲ್ಲ. ಬರೆಯಲು ಬೇರೆ ಬಾಗಿಲಿದೆ.

ಮೊದಲು ಓಪನ್ ಎಕ್ಸಿ ಕಾನ್ಫಿಗರೇಷನ್ ಮೆಥಡ್ ಕರೆದು, ಯೂಸರ್ ಲೆವೆಲ್ ಜಾಗದಲ್ಲಿ ನನ್ ಕೊಡಿ. ನನ್ ಅಂದರೆ ಇಲ್ಲಿ ಎಲ್ಲ ಯೂಸರ್‌ಗಳಿಗೂ ಸೇರಿದ ಕಾನ್ಫಿಗ್, ಅಂದರೆ ಎಕ್ಸಿ ಪಕ್ಕದಲ್ಲಿರುವ ಫೈಲ್. ನಿಮಗೆ ಒಂದು ಕಾನ್ಫಿಗರೇಷನ್ ಆಬ್ಜೆಕ್ಟ್ ಸಿಗುತ್ತದೆ. ಅದರ ಆ್ಯಪ್ ಸೆಟ್ಟಿಂಗ್ಸ್ ಒಳಗಿನ ಸೆಟ್ಟಿಂಗ್ಸ್ ಪಟ್ಟಿಯಲ್ಲಿ ಪ್ರಿಂಟರ್ ಹೆಸರಿನ ಕೀ ಹುಡುಕಿ, ಇದ್ದರೆ ಅದರ ವ್ಯಾಲ್ಯೂ ಬದಲಿಸಿ, ಇಲ್ಲದಿದ್ದರೆ ಮಾತ್ರ ಆ್ಯಡ್ ಮಾಡಿ. ಆಮೇಲೆ ಸೇವ್ ಮೆಥಡ್‌ಗೆ ಮಾಡಿಫೈಡ್ ಮೋಡ್ ಕೊಟ್ಟು ಕರೆಯಿರಿ. ಕೊನೆಗೆ ಮೇಲೆ ಹೇಳಿದ ರಿಫ್ರೆಶ್ ಸೆಕ್ಷನ್. ಈ ಕೊನೆಯದನ್ನು ಬಿಟ್ಟರೆ ಫೈಲ್‌ನಲ್ಲಿ ಹೊಸ ಪ್ರಿಂಟರ್, ಮೆಮೊರಿಯಲ್ಲಿ ಹಳೆಯ ಪ್ರಿಂಟರ್, ಬಿಲ್ ಹೋಗುವುದು ಹಳೆಯದಕ್ಕೆ.

"ಇದ್ದರೆ ಬದಲಿಸಿ, ಇಲ್ಲದಿದ್ದರೆ ಮಾತ್ರ ಆ್ಯಡ್" ಎಂದು ಒತ್ತಿ ಹೇಳಲು ಕಾರಣ ಇದೆ. ಇಲ್ಲದ ಕೀಯ ವ್ಯಾಲ್ಯೂ ಬದಲಿಸಲು ಹೋದರೆ ನಲ್ ರೆಫರೆನ್ಸ್ ಎಕ್ಸೆಪ್ಷನ್ ಬರುತ್ತದೆ, ಅದು ಕಣ್ಣಿಗೆ ಬೀಳುವ ತಪ್ಪು, ಬೇಗ ಸರಿಮಾಡಿಕೊಳ್ಳಬಹುದು. ಆದರೆ ಈಗಾಗಲೇ ಇರುವ ಕೀಗೆ ಆ್ಯಡ್ ಮಾಡಿದರೆ ಎರರ್ ಬರುವುದಿಲ್ಲ, ಹಳೆಯ ವ್ಯಾಲ್ಯೂ ಅಳಿಸುವುದೂ ಇಲ್ಲ. ಹಳೆಯದರ ಮುಂದೆ ಒಂದು ಅಲ್ಪವಿರಾಮ ಹಾಕಿ ಹೊಸದನ್ನು ಅಂಟಿಸುತ್ತದೆ! ಸೇವ್ ಬಟನ್ ಒತ್ತಿದಷ್ಟೂ ಸಲ ಪ್ರಿಂಟರ್ ಹೆಸರು ರೈಲಿನಂತೆ ಉದ್ದವಾಗುತ್ತಾ ಹೋಗುತ್ತದೆ. ಯಾವ ಪ್ರಿಂಟರೂ ಸಿಗದೆ ಬಿಲ್ ನಿಂತಾಗ ಜನ ಪ್ರಿಂಟರ್ ಡ್ರೈವರ್ ಹುಡುಕುತ್ತಾ ಕೂರುತ್ತಾರೆ, ಕಾನ್ಫಿಗ್ ನೋಡುವುದು ಕೊನೆಗೆ.

ತೆರೆದು ಸೇವ್ ಮಾಡುವ ನಡುವೆ ಬೇರೆ ಯಾರಾದರೂ ಫೈಲ್ ಬದಲಿಸಿದ್ದರೆ, ಇನ್ನೊಂದು ಪ್ರೋಗ್ರಾಂ ಅದನ್ನು ಬದಲಿಸಿದೆ ಎಂಬ ಎಕ್ಸೆಪ್ಷನ್ ಬರುತ್ತದೆ. ಇದು ಒಳ್ಳೆಯದೇ, ನಿಮ್ಮನ್ನು ಕಾಪಾಡುತ್ತಿದೆ. ಕಾನ್ಫಿಗರೇಷನ್ ಆಬ್ಜೆಕ್ಟನ್ನು ಪ್ರೋಗ್ರಾಂ ಶುರುವಾದಾಗ ತೆರೆದು ದಿನವಿಡೀ ಇಟ್ಟುಕೊಂಡರೆ ಈ ಎರರ್ ಜಾಸ್ತಿ ಬರುತ್ತದೆ. ಬರೆಯಬೇಕಾದಾಗ ತೆರೆಯಿರಿ, ಬರೆಯಿರಿ, ಬಿಟ್ಟುಬಿಡಿ.

ಬರೆಯಲು ಬಿಡದ ಫೋಲ್ಡರ್

ನಿಮ್ಮ ಮೆಷಿನ್‌ನಲ್ಲಿ ಎಲ್ಲ ಸರಿ ಇರುತ್ತದೆ. ಅಂಗಡಿಯ ಮೆಷಿನ್‌ನಲ್ಲಿ ಇನ್‌ಸ್ಟಾಲ್ ಮಾಡಿದಾಗ ಸೇವ್ ಆಗುವುದಿಲ್ಲ. ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ಗೆ ಸಾಮಾನ್ಯ ಯೂಸರ್‌ಗಳು ಬರೆಯುವಂತಿಲ್ಲ, ಅದು ವಿಂಡೋಸ್‌ನ ನಿಯಮ. ಎಕ್ಸಿ ಅಲ್ಲಿದ್ದರೆ ಅದರ ಪಕ್ಕದ ಕಾನ್ಫಿಗ್ ಕೂಡ ಅಲ್ಲೇ ಇರುತ್ತದೆ. ಇನ್ನೂ ಗೊಂದಲದ ಸಂಗತಿ ಏನೆಂದರೆ, ಮ್ಯಾನಿಫೆಸ್ಟ್ (ಯಾವ ಅನುಮತಿ ಬೇಕೆಂದು ವಿಂಡೋಸ್‌ಗೆ ಹೇಳುವ ವಿವರ) ಇಲ್ಲದ ಹಳೆಯ 32 ಬಿಟ್ ಪ್ರೋಗ್ರಾಂ ಆಗಿದ್ದರೆ ವಿಂಡೋಸ್ ಎರರ್ ಕೊಡದೆ, ಆ ಬರಹವನ್ನು ಯೂಸರ್‌ನ ಆ್ಯಪ್ ಡೇಟಾ ಒಳಗಿನ ವರ್ಚುವಲ್ ಸ್ಟೋರ್ ಫೋಲ್ಡರ್‌ಗೆ ತಿರುಗಿಸಬಹುದು. ಆಗ ಒಬ್ಬ ಯೂಸರ್‌ಗೆ ಒಂದು ಪ್ರಿಂಟರ್, ಇನ್ನೊಬ್ಬರಿಗೆ ಇನ್ನೊಂದು ಕಾಣುತ್ತದೆ. ಯಾವ ಪ್ರತಿ ಎಂಬ ಪ್ರಶ್ನೆ ಇಲ್ಲೂ ಬಂತು ನೋಡಿ.

ಇದಕ್ಕೆ ಜನ ಮಾಡುವ ಸುಲಭ ಉಪಾಯ ಪ್ರೋಗ್ರಾಂ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸುವುದು. ದಯವಿಟ್ಟು ಬೇಡ. ಒಂದು ಪ್ರಿಂಟರ್ ಹೆಸರು ಬರೆಯಲು ಇಡೀ ಮೆಷಿನ್‌ನ ಬೀಗದ ಕೈ ಕೊಡುವುದು ಸರಿಯಲ್ಲ.

ಯೂಸರ್ ಬದಲಿಸುವ ಸೆಟ್ಟಿಂಗ್‌ಗೆ ಬೇರೆ ವ್ಯವಸ್ಥೆಯೇ ಇದೆ. ಪ್ರಾಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ಸೆಟ್ಟಿಂಗ್ಸ್ ಟ್ಯಾಬ್ ತೆರೆದರೆ ಪ್ರತಿ ಸೆಟ್ಟಿಂಗ್‌ಗೂ ಸ್ಕೋಪ್ ಕೇಳುತ್ತದೆ: ಅಪ್ಲಿಕೇಷನ್ ಅಥವಾ ಯೂಸರ್. ಅಪ್ಲಿಕೇಷನ್ ಸ್ಕೋಪ್‌ನದ್ದು ಕೋಡ್‌ನಿಂದ ಓದಲು ಮಾತ್ರ. ಯೂಸರ್ ಸ್ಕೋಪ್‌ನದ್ದಕ್ಕೆ ಹೊಸ ವ್ಯಾಲ್ಯೂ ಕೊಟ್ಟು ಸೇವ್ ಕರೆದರೆ ಆ ಯೂಸರ್‌ನ ಲೋಕಲ್ ಆ್ಯಪ್ ಡೇಟಾ ಫೋಲ್ಡರ್‌ನಲ್ಲಿ ಯೂಸರ್ ಡಾಟ್ ಕಾನ್ಫಿಗ್ ಎಂಬ ಫೈಲ್‌ಗೆ ಹೋಗುತ್ತದೆ. ಅಲ್ಲಿ ಬರೆಯಲು ಯಾರ ಅನುಮತಿಯೂ ಬೇಕಿಲ್ಲ. ಟೈಪ್ ಕೂಡ ಸರಿಯಾಗಿರುತ್ತದೆ, ಸಂಖ್ಯೆ ಸಂಖ್ಯೆಯಾಗಿಯೇ ಬರುತ್ತದೆ. ಸೇವ್ ಮಾಡಿದ ನಂತರ ರಿಫ್ರೆಶ್ ಬೇಕಿಲ್ಲ, ಏಕೆಂದರೆ ನೀವು ಬದಲಿಸಿದ್ದೇ ಮೆಮೊರಿಯ ಪ್ರತಿಯನ್ನು, ಸೇವ್ ಅದನ್ನು ಡಿಸ್ಕ್‌ಗೆ ಇಳಿಸಿತು ಅಷ್ಟೇ.

ಒಂದೇ ಎಚ್ಚರಿಕೆ. ಆ ಫೈಲ್ ಇರುವ ಫೋಲ್ಡರ್‌ನ ಹೆಸರಿನಲ್ಲಿ ಪ್ರೋಗ್ರಾಂನ ವರ್ಷನ್ ನಂಬರ್ ಇರುತ್ತದೆ. 1.0 ಹೋಗಿ 1.1 ಬಂದರೆ ಹೊಸ ಫೋಲ್ಡರ್, ಹೊಸ ಫೈಲ್, ಯೂಸರ್‌ಗೆ ತನ್ನ ಸೆಟ್ಟಿಂಗ್ ಎಲ್ಲ ಮಾಯವಾದಂತೆ ಕಾಣುತ್ತದೆ. ಅಪ್‌ಗ್ರೇಡ್ ಎಂಬ ಮೆಥಡ್ ಹಳೆಯ ವರ್ಷನ್‌ನಿಂದ ತಂದುಕೊಡುತ್ತದೆ. ಅದನ್ನು ಪ್ರತಿ ಸಲ ಕರೆಯಬಾರದು, ಹೊಸ ವರ್ಷನ್ ಮೊದಲ ಸಲ ಓಡಿದಾಗ ಮಾತ್ರ. ಅದಕ್ಕೆ ಅಪ್‌ಗ್ರೇಡ್ ಬೇಕೇ ಎಂಬ ಒಂದು ಬೂಲಿಯನ್ ಸೆಟ್ಟಿಂಗ್ ಇಟ್ಟು ಡೀಫಾಲ್ಟ್ ಆಗಿ ನಿಜ ಎಂದು ಕೊಡಿ. ಶುರುವಿನಲ್ಲಿ ಅದು ನಿಜವಾಗಿದ್ದರೆ ಅಪ್‌ಗ್ರೇಡ್ ಕರೆದು, ಅದನ್ನು ಸುಳ್ಳು ಮಾಡಿ, ಸೇವ್ ಮಾಡಿ.

ವೆಬ್ ಕಡೆಯವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹಳೆಯ ಎಎಸ್‌ಪಿ ಡಾಟ್ ನೆಟ್‌ನಲ್ಲಿ ವೆಬ್ ಡಾಟ್ ಕಾನ್ಫಿಗ್ ಮುಟ್ಟಿದರೆ ಅಪ್ಲಿಕೇಷನ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಹೊಸ ವ್ಯಾಲ್ಯೂ ಸಿಗುತ್ತದೆ ನಿಜ, ಜೊತೆಗೆ ಮೆಮೊರಿಯಲ್ಲಿದ್ದ ಸೆಷನ್‌ಗಳೆಲ್ಲ ಹೋಗುತ್ತವೆ. ಮಧ್ಯಾಹ್ನ ಜನ ಫಾರ್ಮ್ ತುಂಬುತ್ತಿರುವಾಗ ಅದನ್ನು ಎಡಿಟ್ ಮಾಡಬೇಡಿ. ಕೋಡ್‌ನಿಂದ ಅದಕ್ಕೆ ಬರೆಯುವುದಂತೂ ಬೇಡವೇ ಬೇಡ.

ಹೊಸ ದಾರಿ: ಆ್ಯಪ್‌ಸೆಟ್ಟಿಂಗ್ಸ್ ಜೇಸನ್

2016ರಲ್ಲಿ ಡಾಟ್ ನೆಟ್ ಕೋರ್ ಬಂದಾಗ ಈ ಇಡೀ ವ್ಯವಸ್ಥೆಯನ್ನು ಹೊಸದಾಗಿ ಬರೆದರು. ಈಗ ಸೆಟ್ಟಿಂಗ್ ಒಂದೇ ಫೈಲ್‌ನಿಂದ ಬರುವುದಿಲ್ಲ, ಪದರ ಪದರವಾಗಿ ಬರುತ್ತದೆ. ಸಾಮಾನ್ಯ ವೆಬ್ ಪ್ರಾಜೆಕ್ಟ್‌ನಲ್ಲಿ ಮೊದಲು ಆ್ಯಪ್‌ಸೆಟ್ಟಿಂಗ್ಸ್ ಜೇಸನ್ (ಜೇಸನ್ ಅಂದರೆ ಕೀ, ವ್ಯಾಲ್ಯೂ ಜೋಡಿಗಳನ್ನು ಬರೆದಿಡುವ ಸರಳ ಪಠ್ಯ ರೂಪ), ಅದರ ಮೇಲೆ ಡೆವಲಪ್‌ಮೆಂಟ್, ಪ್ರೊಡಕ್ಷನ್ ಇತ್ಯಾದಿ ಎನ್ವಿರಾನ್‌ಮೆಂಟ್ ಹೆಸರಿನ ಜೇಸನ್, ಡೆವಲಪ್‌ಮೆಂಟ್ ಆದರೆ ಯೂಸರ್ ಸೀಕ್ರೆಟ್ಸ್ (ಪ್ರಾಜೆಕ್ಟ್ ಹೊರಗೆ ಇಟ್ಟ ಗುಟ್ಟಿನ ಸೆಟ್ಟಿಂಗ್‌ಗಳು), ನಂತರ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂ ಶುರುವಾಗುವಾಗ ಆಪರೇಟಿಂಗ್ ಸಿಸ್ಟಮ್ ಕೊಡುವ ವ್ಯಾಲ್ಯೂ), ಎಲ್ಲದರ ಮೇಲೆ ಕಮಾಂಡ್ ಲೈನ್. ಒಂದೇ ಕೀ ಎರಡು ಕಡೆ ಇದ್ದರೆ ಕೊನೆಗೆ ಬಂದದ್ದು ಗೆಲ್ಲುತ್ತದೆ.

ಇಲ್ಲಿ ಫೈಲ್ ಬದಲಾದದ್ದನ್ನು ಮೆಮೊರಿಗೆ ಹೇಳುವವರು ಈಗಾಗಲೇ ಇದ್ದಾರೆ. ಜೇಸನ್ ಫೈಲ್ ಸೇರಿಸುವಾಗ ರೀಲೋಡ್ ಆನ್ ಚೇಂಜ್ ನಿಜ ಎಂದು ಕೊಟ್ಟರೆ ಫೈಲ್ ಮೇಲೆ ಒಂದು ವಾಚರ್ ಕಣ್ಣಿಟ್ಟಿರುತ್ತದೆ. ಡೀಫಾಲ್ಟ್ ಬಿಲ್ಡರ್ ಬಳಸಿದ್ದರೆ ಅದು ಆಗಲೇ ನಿಜ ಆಗಿರುತ್ತದೆ, ನೀವೇ ಬೇರೆ ಜೇಸನ್ ಸೇರಿಸಿದ್ದರೆ ಮಾತ್ರ ಅದಕ್ಕೆ ಪ್ರತ್ಯೇಕವಾಗಿ ಕೊಡಬೇಕು. ಬದಲಾವಣೆ ಕಂಡ ಮೇಲೆ 250 ಮಿಲಿಸೆಕೆಂಡ್ ಕಾದು ಮತ್ತೆ ಓದುತ್ತದೆ, ಎಡಿಟರ್ ಇನ್ನೂ ಬರೆಯುತ್ತಿರಬಹುದು ಎಂದು.

ಇದರ ಅತ್ಯಂತ ಉಪಯೋಗದ ಉದಾಹರಣೆ ಲಾಗ್ ಲೆವೆಲ್. ಸರ್ವರ್‌ನಲ್ಲಿ ಏನೋ ತೊಂದರೆ ಆಗುತ್ತಿದೆ, ಇನ್‌ಫರ್ಮೇಷನ್ ಲೆವೆಲ್‌ನ ಲಾಗ್‌ನಲ್ಲಿ ಏನೂ ತಿಳಿಯುತ್ತಿಲ್ಲ. ರೀಸ್ಟಾರ್ಟ್ ಮಾಡಿದರೆ ತೊಂದರೆಯೇ ಮಾಯವಾಗಿ ಕಾರಣ ಸಿಗದೆ ಹೋಗಬಹುದು. ಆ್ಯಪ್‌ಸೆಟ್ಟಿಂಗ್ಸ್‌ನ ಲಾಗಿಂಗ್ ವಿಭಾಗದಲ್ಲಿ ಲಾಗ್ ಲೆವೆಲ್ ಅನ್ನು ಡೀಬಗ್ ಮಾಡಿ ಸೇವ್ ಮಾಡಿ. ಒಂದು ಸಾಲು ಕೋಡ್ ಬರೆಯದೆ, ಓಡುತ್ತಿರುವ ಪ್ರೋಗ್ರಾಂ ಜಾಸ್ತಿ ಲಾಗ್ ಬರೆಯಲು ಶುರುಮಾಡುತ್ತದೆ. ನೋಡಿದ ಮೇಲೆ ವಾಪಸ್ ಇಟ್ಟುಬಿಡಿ, ಇಲ್ಲವಾದರೆ ಡಿಸ್ಕ್ ತುಂಬುತ್ತದೆ.

ನಿಮ್ಮ ಸ್ವಂತ ಸೆಟ್ಟಿಂಗ್‌ಗಳಿಗೆ ಒಂದು ಚಿಕ್ಕ ಕ್ಲಾಸ್ ಮಾಡಿ ಜೇಸನ್‌ನ ಒಂದು ವಿಭಾಗಕ್ಕೆ ಬೈಂಡ್ ಮಾಡುತ್ತೀರಿ. ಅದನ್ನು ಕೋಡ್ ಒಳಗೆ ತೆಗೆದುಕೊಳ್ಳಲು ಮೂರು ದಾರಿ ಇವೆ, ಮತ್ತು "ರೀಲೋಡ್ ಆಗಲ್ಲ" ಎಂಬ ದೂರು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಐ ಆಪ್ಷನ್ಸ್ ಒಮ್ಮೆ ಓದಿದ್ದನ್ನು ಪ್ರೋಗ್ರಾಂ ಮುಗಿಯುವ ತನಕ ಹಾಗೇ ಇಟ್ಟುಕೊಳ್ಳುತ್ತದೆ, ಫೈಲ್ ನೂರು ಸಲ ಬದಲಾದರೂ ಅದಕ್ಕೆ ಸಂಬಂಧವಿಲ್ಲ. ಟ್ಯುಟೋರಿಯಲ್ ನೋಡಿ ಎಲ್ಲರೂ ಹಾಕಿಕೊಳ್ಳುವುದು ಇದನ್ನೇ. ಐ ಆಪ್ಷನ್ಸ್ ಸ್ನ್ಯಾಪ್‌ಶಾಟ್ ಪ್ರತಿ ವೆಬ್ ರಿಕ್ವೆಸ್ಟ್‌ಗೂ ಹೊಸದಾಗಿ ಕಟ್ಟುತ್ತದೆ, ಆ ರಿಕ್ವೆಸ್ಟ್ ಮುಗಿಯುವವರೆಗೆ ಬದಲಾಗುವುದಿಲ್ಲ. ಆದರೆ ಅದನ್ನು ಸಿಂಗಲ್‌ಟನ್ ಸರ್ವಿಸ್ (ಇಡೀ ಪ್ರೋಗ್ರಾಂಗೆ ಒಂದೇ ಇರುವ ಆಬ್ಜೆಕ್ಟ್) ಒಳಗೆ ಇಂಜೆಕ್ಟ್ ಮಾಡುವಂತಿಲ್ಲ. ಐ ಆಪ್ಷನ್ಸ್ ಮಾನಿಟರ್ ಎಲ್ಲ ಕಡೆ ಸಿಗುತ್ತದೆ, ಅದರ ಕರೆಂಟ್ ವ್ಯಾಲ್ಯೂ ಕೇಳಿದಾಗ ಆ ಕ್ಷಣದಲ್ಲಿ ಇರುವುದು ಬರುತ್ತದೆ. ನನ್ನ ಪ್ರಕಾರ ಕಂಟ್ರೋಲರ್‌ಗಳಿಗೆ ಸ್ನ್ಯಾಪ್‌ಶಾಟ್, ಬ್ಯಾಕ್‌ಗ್ರೌಂಡ್ ಸರ್ವಿಸ್‌ಗಳಿಗೆ ಮಾನಿಟರ್.

ಮಾನಿಟರ್ ಬಳಸುವಾಗ ಒಂದು ಶಿಸ್ತು ಬೇಕು. ಒಂದು ಕೆಲಸದ ಆರಂಭದಲ್ಲಿ ಕರೆಂಟ್ ವ್ಯಾಲ್ಯೂವನ್ನು ಲೋಕಲ್ ವೇರಿಯಬಲ್‌ಗೆ ತೆಗೆದುಕೊಳ್ಳಿ, ಆ ಕೆಲಸ ಮುಗಿಯುವ ತನಕ ಅದನ್ನೇ ಬಳಸಿ. ಸಾಲು ಸಾಲಿಗೂ ಕರೆಂಟ್ ವ್ಯಾಲ್ಯೂ ಕೇಳುತ್ತಾ ಹೋದರೆ ನಡುವೆ ಫೈಲ್ ಬದಲಾದಾಗ ಸರ್ವರ್ ವಿಳಾಸ ಹಳೆಯದು, ಪಾಸ್‌ವರ್ಡ್ ಹೊಸದು ಎಂಬಂಥ ಬೆರಕೆ ಆಗುತ್ತದೆ. ಇಂಥ ಬಗ್ ತಿಂಗಳಿಗೊಮ್ಮೆ ಬಂದು ಹೋಗುತ್ತದೆ, ಹಿಡಿಯುವುದು ತುಂಬಾ ಕಷ್ಟ. ಇದಕ್ಕಿಂತ ಕೆಟ್ಟದ್ದು ಕನ್‌ಸ್ಟ್ರಕ್ಟರ್‌ನಲ್ಲಿ ಕರೆಂಟ್ ವ್ಯಾಲ್ಯೂ ತೆಗೆದು ಫೀಲ್ಡ್‌ನಲ್ಲಿ ಇಟ್ಟುಕೊಳ್ಳುವುದು. ಹಾಗೆ ಮಾಡಿದರೆ ಮಾನಿಟರ್ ತಂದೂ ಐ ಆಪ್ಷನ್ಸ್‌ನಂತೆ ಬಳಸಿದ ಹಾಗಾಯಿತು.

ಬದಲಾದ ಕ್ಷಣದಲ್ಲೇ ಏನಾದರೂ ಮಾಡಬೇಕಿದ್ದರೆ, ಉದಾಹರಣೆಗೆ ಕ್ಯಾಶ್ ಖಾಲಿ ಮಾಡುವುದು ಅಥವಾ ಟೈಮರ್‌ನ ಅವಧಿ ಬದಲಿಸುವುದು, ಮಾನಿಟರ್‌ನ ಆನ್ ಚೇಂಜ್‌ಗೆ ನಿಮ್ಮ ಮೆಥಡ್ ಕೊಡಿ. ಒಂದು ಸಲ ಸೇವ್ ಮಾಡಿದರೂ ಅದು ಎರಡು ಸಲ ಕರೆಯಬಹುದು, ಏಕೆಂದರೆ ಎಡಿಟರ್‌ಗಳು ಒಂದೇ ಸೇವ್‌ನಲ್ಲಿ ಫೈಲನ್ನು ಒಂದಕ್ಕಿಂತ ಹೆಚ್ಚು ಸಲ ಮುಟ್ಟುತ್ತವೆ. ಹೊಸದನ್ನು ಹಳೆಯದಕ್ಕೆ ಹೋಲಿಸಿ, ನಿಜವಾಗಿ ಬದಲಾಗಿದ್ದರೆ ಮಾತ್ರ ಕೆಲಸ ಮಾಡಿ. ಆನ್ ಚೇಂಜ್ ವಾಪಸ್ ಕೊಡುವ ಆಬ್ಜೆಕ್ಟನ್ನು ಇಟ್ಟುಕೊಂಡು ನಿಮ್ಮ ಸರ್ವಿಸ್ ಮುಗಿದಾಗ ಡಿಸ್ಪೋಸ್ ಮಾಡಿ.

ಫೈಲ್ ಬದಲಿಸಿದರೂ ಏನೂ ಆಗದಿದ್ದಾಗ

ಮೊದಲು ನೋಡಬೇಕಾದದ್ದು ಮೇಲಿನ ಪದರ. ಅದೇ ಕೀ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇದ್ದರೆ ಜೇಸನ್‌ನಲ್ಲಿ ಏನು ಬರೆದರೂ ಲೆಕ್ಕಕ್ಕಿಲ್ಲ. ಕಂಟೇನರ್‌ಗಳನ್ನು (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದನ್ನು ಒಟ್ಟಿಗೆ ಕಟ್ಟಿದ ಪ್ರತ್ಯೇಕ ಪೊಟ್ಟಣಗಳು) ಓಡಿಸಲು ಬರೆಯುವ ಡಾಕರ್ ಕಂಪೋಸ್ ಫೈಲ್‌ನಲ್ಲಿ ಯಾರೋ ಎಂದೋ ಹಾಕಿಟ್ಟದ್ದು ಅಲ್ಲೇ ಇರುತ್ತದೆ. ವೇರಿಯಬಲ್ ಹೆಸರಿನಲ್ಲಿ ವಿಭಾಗ ಮತ್ತು ಕೀ ನಡುವೆ ಎರಡು ಅಂಡರ್‌ಸ್ಕೋರ್ ಇರುತ್ತದೆ, ಹುಡುಕುವಾಗ ಹಾಗೆ ಹುಡುಕಿ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ವಾಚರ್ ಇಲ್ಲ, ಓಡುತ್ತಿರುವ ಪ್ರೋಸೆಸ್‌ಗೆ ಹೊರಗಿಂದ ಅದನ್ನು ಬದಲಿಸುವುದೂ ಆಗದು. ಅಲ್ಲಿರುವುದು ಬದಲಾಗಬೇಕಾದರೆ ರೀಸ್ಟಾರ್ಟೇ ದಾರಿ.

ಯಾವ ಕೀ ಎಲ್ಲಿಂದ ಬಂತು ಎಂದು ಊಹಿಸುತ್ತಾ ಕೂರಬೇಡಿ. ಕಾನ್ಫಿಗರೇಷನ್ ರೂಟ್ ಮೇಲೆ ಗೆಟ್ ಡೀಬಗ್ ವ್ಯೂ ಎಂಬ ಮೆಥಡ್ ಇದೆ, ಡಾಟ್ ನೆಟ್ ಕೋರ್ 3.0ರಿಂದ. ಪ್ರತಿ ಕೀ, ಅದರ ವ್ಯಾಲ್ಯೂ, ಅದನ್ನು ಕೊಟ್ಟ ಪದರ ಎಲ್ಲವನ್ನೂ ಬರೆದುಕೊಡುತ್ತದೆ. ಇಷ್ಟು ಒಳ್ಳೆಯ ಸಾಧನವನ್ನು ಇನ್ನೂ ಜಾಸ್ತಿ ಜನ ಬಳಸಬೇಕು. ಪಾಸ್‌ವರ್ಡ್‌ಗಳೂ ಅದರಲ್ಲಿ ಹಾಗೇ ಬರುತ್ತವೆ, ಆದ್ದರಿಂದ ನಿಮ್ಮ ಮೆಷಿನ್‌ನಲ್ಲಿ ನೋಡಿ, ಪ್ರೊಡಕ್ಷನ್ ಲಾಗ್‌ಗೆ ಬರೆಯಬೇಡಿ.

ಎರಡನೆಯದು, ನೀವು ಎಡಿಟ್ ಮಾಡಿದ ಫೈಲೇ ಬೇರೆಯದಾಗಿರಬಹುದು. ಜೇಸನ್ ಹುಡುಕುವುದು ಕಂಟೆಂಟ್ ರೂಟ್ ಫೋಲ್ಡರ್‌ನಲ್ಲಿ. ಏನೂ ಹೇಳದಿದ್ದರೆ ಪ್ರೋಗ್ರಾಂ ಶುರುಮಾಡಿದಾಗ ಇದ್ದ ಫೋಲ್ಡರೇ ಕಂಟೆಂಟ್ ರೂಟ್. ಪ್ರಾಜೆಕ್ಟ್ ಫೋಲ್ಡರ್‌ನಿಂದ ಡಾಟ್‌ನೆಟ್ ರನ್ ಮಾಡಿದರೆ ಪ್ರಾಜೆಕ್ಟ್‌ನ ಫೈಲ್, ಬಿನ್ ಒಳಗೆ ಹೋಗಿ ಎಕ್ಸಿ ಓಡಿಸಿದರೆ ಅಲ್ಲಿನ ನಕಲು. ವಿಂಡೋಸ್ ಸರ್ವಿಸ್ ಆದರೆ ಶುರುವಾಗುವ ಫೋಲ್ಡರ್ ಸಿಸ್ಟಮ್32, ಅಲ್ಲಿ ನಿಮ್ಮ ಜೇಸನ್ ಎಲ್ಲಿಂದ ಬರಬೇಕು? ಯೂಸ್ ವಿಂಡೋಸ್ ಸರ್ವಿಸ್ ಮೆಥಡ್ ಕರೆದರೆ ಅದು ಕಂಟೆಂಟ್ ರೂಟನ್ನು ಪ್ರೋಗ್ರಾಂ ಇರುವ ಫೋಲ್ಡರ್‌ಗೆ ಸರಿಪಡಿಸುತ್ತದೆ.

ಮೂರನೆಯದು ಕಂಟೇನರ್‌ಗಳ ತೊಂದರೆ. ಹೊರಗಿನಿಂದ ಮೌಂಟ್ ಮಾಡಿದ ಫೋಲ್ಡರ್ ಅಥವಾ ನೆಟ್‌ವರ್ಕ್ ಶೇರ್ ಆಗಿದ್ದರೆ ಫೈಲ್ ಬದಲಾದ ಸುದ್ದಿ ವಾಚರ್‌ಗೆ ತಲುಪದೆ ಇರಬಹುದು. ಡಾಟ್‌ನೆಟ್ ಯೂಸ್ ಪೋಲಿಂಗ್ ಫೈಲ್ ವಾಚರ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ (ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್). ಅದಕ್ಕೆ 1 ಕೊಟ್ಟರೆ ಸುದ್ದಿಗಾಗಿ ಕಾಯದೆ 4 ಸೆಕೆಂಡಿಗೊಮ್ಮೆ ತಾನೇ ಹೋಗಿ ಫೈಲ್ ನೋಡಿಬರುತ್ತದೆ. ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್‌ನಲ್ಲಿ ಕಾನ್ಫಿಗ್‌ಮ್ಯಾಪ್ (ಅಲ್ಲಿ ಸೆಟ್ಟಿಂಗ್ ಇಡುವ ಜಾಗ) ಅನ್ನು ಪೂರ್ತಿ ಫೋಲ್ಡರ್ ಆಗಿ ಮೌಂಟ್ ಮಾಡಿದ್ದರೆ ಬದಲಾವಣೆ ಸ್ವಲ್ಪ ತಡವಾಗಿ ಒಳಗೆ ಬರುತ್ತದೆ, ಸಬ್‌ಪಾತ್ ಬಳಸಿ ಒಂದೇ ಫೈಲ್ ಮೌಂಟ್ ಮಾಡಿದ್ದರೆ ಪಾಡ್ (ಅಲ್ಲಿ ಕಂಟೇನರ್ ಓಡುವ ಘಟಕ) ರೀಸ್ಟಾರ್ಟ್ ಆಗುವ ತನಕ ಬರುವುದೇ ಇಲ್ಲ.

ಲಿನಕ್ಸ್‌ನಲ್ಲಿ ಫೈಲ್ ಬದಲಾದ ಸುದ್ದಿ ಕೊಡುವ ಐನೋಟಿಫೈನ ಇನ್‌ಸ್ಟನ್ಸ್ ಮಿತಿ 128 ಮುಗಿಯಿತು ಎಂಬ ಎರರ್ ಬಂದರೆ, ಒಂದೇ ಯೂಸರ್ ಅಡಿಯಲ್ಲಿ ತುಂಬಾ ವಾಚರ್‌ಗಳು ತೆರೆದುಕೊಂಡಿವೆ ಎಂದರ್ಥ. ಹೆಚ್ಚಾಗಿ ಟೆಸ್ಟ್‌ಗಳಲ್ಲಿ ಪ್ರತಿ ಸಲ ಹೊಸ ಹೋಸ್ಟ್ ಕಟ್ಟಿ ಡಿಸ್ಪೋಸ್ ಮಾಡದೆ ಬಿಟ್ಟಾಗ ಹೀಗಾಗುತ್ತದೆ.

ಜೇಸನ್‌ಗೆ ವಾಪಸ್ ಬರೆಯುವುದು

ಹೊಸ ವ್ಯವಸ್ಥೆಯಲ್ಲಿ ಸೇವ್ ಎಂಬ ಮೆಥಡ್ ಇಲ್ಲ. ಕಾನ್ಫಿಗರೇಷನ್ ಆಬ್ಜೆಕ್ಟ್‌ನಲ್ಲಿ ಕೀಗೆ ಹೊಸ ವ್ಯಾಲ್ಯೂ ಕೊಟ್ಟರೆ ಅದು ತೆಗೆದುಕೊಳ್ಳುತ್ತದೆ, ಎರರ್ ಇಲ್ಲ, ತಕ್ಷಣ ಓದಿದರೆ ಹೊಸದೇ ಬರುತ್ತದೆ. ಬದಲಾದದ್ದು ಮೆಮೊರಿಯ ಪ್ರತಿ ಮಾತ್ರ. ರೀಸ್ಟಾರ್ಟ್ ಮಾಡಿದರೆ ಹಳೆಯದು ವಾಪಸ್.

ನಿಜವಾಗಿ ಬರೆಯಬೇಕಾದರೆ ಫೈಲನ್ನು ನೀವೇ ಬರೆಯಬೇಕು. ಅದಕ್ಕೆ ಮುಂಚೆ ಒಂದು ಸಲಹೆ: ಆ್ಯಪ್‌ಸೆಟ್ಟಿಂಗ್ಸ್ ಜೇಸನ್‌ಗೆ ಬರೆಯಬೇಡಿ. ಮುಂದಿನ ಡಿಪ್ಲಾಯ್ (ಹೊಸ ಆವೃತ್ತಿಯನ್ನು ಸರ್ವರ್‌ಗೆ ಹಾಕುವುದು) ಅದರ ಮೇಲೆಯೇ ಹೊಸ ಫೈಲ್ ತಂದು ಹಾಕುತ್ತದೆ. ಯೂಸರ್ ಬದಲಿಸುವ ಸೆಟ್ಟಿಂಗ್‌ಗಳಿಗೆ ಪ್ರತ್ಯೇಕ ಜೇಸನ್ ಮಾಡಿ, ಬರೆಯಲು ಅನುಮತಿ ಇರುವ ಡೇಟಾ ಫೋಲ್ಡರ್‌ನಲ್ಲಿ ಇಡಿ, ಆಪ್ಷನಲ್ ನಿಜ, ರೀಲೋಡ್ ಆನ್ ಚೇಂಜ್ ನಿಜ ಎಂದು ಕೊಟ್ಟು ಕೊನೆಯ ಪದರವಾಗಿ ಸೇರಿಸಿ. ಪ್ರೋಗ್ರಾಂ ಶುರುವಾಗುವಾಗ ಆ ಫೋಲ್ಡರ್ ಇರುವಂತೆ ನೋಡಿಕೊಳ್ಳಿ. ಹೀಗೆ ಮಾಡಿದರೆ ನಿಮ್ಮ ಡೀಫಾಲ್ಟ್‌ಗಳು ಕೆಳಗೆ ಸುರಕ್ಷಿತ, ಯೂಸರ್ ಬದಲಿಸಿದ್ದು ಮೇಲೆ. ಆ ಫೈಲ್ ಅಳಿಸಿದರೆ ಎಲ್ಲ ಮೊದಲಿನಂತೆ.

ಬರೆಯುವುದಕ್ಕೆ ಡಾಟ್ ನೆಟ್ 6ರಿಂದ ಜೇಸನ್ ನೋಡ್ ಎಂಬ ಕ್ಲಾಸ್ ಇದೆ. ಫೈಲ್ ಓದಿ ಪಾರ್ಸ್ ಮಾಡಿ, ಬೇಕಾದ ಕೀ ಬದಲಿಸಿ, ಸ್ಟ್ರಿಂಗ್ ಮಾಡಿ ಬರೆಯಿರಿ. ಕಾನ್ಫಿಗರೇಷನ್ ವ್ಯವಸ್ಥೆ ಜೇಸನ್ ಒಳಗೆ ಕಾಮೆಂಟ್ ಇದ್ದರೂ ಓದುತ್ತದೆ, ಆದರೆ ಜೇಸನ್ ನೋಡ್ ಡೀಫಾಲ್ಟ್ ಆಗಿ ಕಾಮೆಂಟ್ ಕಂಡರೆ ಎರರ್ ಕೊಡುತ್ತದೆ. ಬಿಟ್ಟು ಓದು ಎಂದು ಆಪ್ಷನ್ ಕೊಟ್ಟರೆ ಓದುತ್ತದೆ, ವಾಪಸ್ ಬರೆಯುವಾಗ ಕಾಮೆಂಟ್ ಹೋಗಿರುತ್ತದೆ. ಪ್ರತ್ಯೇಕ ಫೈಲ್ ಇಡಲು ಇದೂ ಒಂದು ಕಾರಣ.

ಕನ್ನಡದಲ್ಲಿ ಸೆಟ್ಟಿಂಗ್ ಇಡುವವರು ಇದನ್ನು ಗಮನಿಸಿ. ಬಿಲ್ ಮೇಲೆ ಬರುವ ಅಂಗಡಿ ಹೆಸರು ಕನ್ನಡದಲ್ಲಿದ್ದರೆ ಸಿಸ್ಟಮ್ ಟೆಕ್ಸ್ಟ್ ಜೇಸನ್ (ಜೇಸನ್ ನೋಡ್ ಇರುವ ಲೈಬ್ರರಿ) ಅದನ್ನು ಬರೆಯುವಾಗ ಪ್ರತಿ ಅಕ್ಷರವನ್ನೂ ಯೂನಿಕೋಡ್ ಸಂಖ್ಯೆಯ ಕೋಡ್ ಆಗಿ ಬದಲಿಸುತ್ತದೆ. ಓದುವಾಗ ಸರಿಯಾಗಿಯೇ ಬರುತ್ತದೆ, ಡೇಟಾ ಏನೂ ಕೆಡುವುದಿಲ್ಲ. ಆದರೆ ಫೈಲ್ ತೆರೆದು ಕೈಯಿಂದ ತಿದ್ದಬೇಕಾದವರಿಗೆ ಏನೂ ಅರ್ಥವಾಗುವುದಿಲ್ಲ. ಸೀರಿಯಲೈಜರ್ ಆಪ್ಷನ್ಸ್‌ನ ಎನ್‌ಕೋಡರ್ ಜಾಗದಲ್ಲಿ ಜಾವಾಸ್ಕ್ರಿಪ್ಟ್ ಎನ್‌ಕೋಡರ್‌ನ ಕ್ರಿಯೇಟ್ ಕರೆದು, ಯೂನಿಕೋಡ್ ರೇಂಜಸ್‌ನಿಂದ ಬೇಸಿಕ್ ಲ್ಯಾಟಿನ್ ಮತ್ತು ಕನ್ನಡ ಎರಡನ್ನೂ ಕೊಡಿ. ಹೌದು, ಕನ್ನಡ ಎಂಬ ಹೆಸರಿನ ರೇಂಜೇ ಅಲ್ಲಿದೆ. ಆಗ ಅಕ್ಷರಗಳು ಅಕ್ಷರಗಳಾಗಿಯೇ ಫೈಲ್‌ಗೆ ಹೋಗುತ್ತವೆ.

ಮೂಲ ಫೈಲ್ ಮೇಲೆಯೇ ನೇರವಾಗಿ ಬರೆಯಬೇಡಿ. ಅರ್ಧ ಬರೆದಾಗ ಕರೆಂಟ್ ಹೋದರೆ ಅಥವಾ ಆ ಕ್ಷಣವೇ ವಾಚರ್ ಓದಿದರೆ ಮುರಿದ ಜೇಸನ್ ಸಿಗುತ್ತದೆ. ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಹೆಸರಿನಿಂದ ಪೂರ್ತಿ ಬರೆದು, ನಂತರ ಫೈಲ್ ಮೂವ್‌ಗೆ ಓವರ್‌ರೈಟ್ ನಿಜ ಎಂದು ಕೊಟ್ಟು ಹಳೆಯದರ ಜಾಗಕ್ಕೆ ತನ್ನಿ. ಬರೆಯುವ ಕೋಡ್ ಸುತ್ತ ಒಂದು ಲಾಕ್ ಇರಲಿ, ಇಬ್ಬರು ಒಟ್ಟಿಗೆ ಸೇವ್ ಒತ್ತಬಹುದು.

ಕೈಯಿಂದ ಎಡಿಟ್ ಮಾಡುವವರು ತಪ್ಪು ವ್ಯಾಲ್ಯೂ ಬರೆಯುತ್ತಾರೆ, ಅದು ಖಂಡಿತ. ಆಪ್ಷನ್ಸ್ ಕ್ಲಾಸ್‌ಗೆ ವ್ಯಾಲಿಡೇಷನ್ ಹಾಕಿ, ವ್ಯಾಲಿಡೇಟ್ ಆನ್ ಸ್ಟಾರ್ಟ್ ಕೂಡ ಕೊಡಿ. ಅದು ಶುರುವಿನಲ್ಲಿ ಮಾತ್ರ ಕಾಯುತ್ತದೆ ಎಂಬುದು ನೆನಪಿರಲಿ. ಆಮೇಲೆ ರೀಲೋಡ್‌ನಲ್ಲಿ ಕೆಟ್ಟ ವ್ಯಾಲ್ಯೂ ಬಂದರೆ ಕರೆಂಟ್ ವ್ಯಾಲ್ಯೂ ಕೇಳಿದ ಜಾಗದಲ್ಲಿ ಎಕ್ಸೆಪ್ಷನ್ ಬರುತ್ತದೆ. ಬ್ಯಾಕ್‌ಗ್ರೌಂಡ್ ಸರ್ವಿಸ್‌ನಲ್ಲಿ ಅದನ್ನು ಹಿಡಿದು, ಲಾಗ್ ಮಾಡಿ, ಕೊನೆಯ ಒಳ್ಳೆಯ ಪ್ರತಿಯಿಂದಲೇ ಮುಂದುವರಿಯುವಂತೆ ಬರೆಯಿರಿ.

ರೀಲೋಡ್ ಆದರೂ ಬದಲಾಗದವು

ವ್ಯಾಲ್ಯೂ ಹೊಸದಾಗಿ ಬಂದರೂ ಅದನ್ನು ಬಳಸುವ ಆಬ್ಜೆಕ್ಟ್ ಹಳೆಯದೇ ಇರಬಹುದು. ಎಚ್‌ಟಿಟಿಪಿ ಕ್ಲೈಂಟ್‌ನ ಟೈಮ್‌ಔಟ್ ಇದಕ್ಕೆ ಸರಿಯಾದ ಉದಾಹರಣೆ. ಮೊದಲ ರಿಕ್ವೆಸ್ಟ್ ಕಳಿಸಿದ ಮೇಲೆ ಅದನ್ನು ಬದಲಿಸಲು ಹೋದರೆ ಎಕ್ಸೆಪ್ಷನ್ ಬರುತ್ತದೆ. ಟೈಮ್‌ಔಟ್ ಓಡುವಾಗ ಬದಲಾಗಬೇಕಿದ್ದರೆ ಕ್ಲೈಂಟ್‌ನ ಟೈಮ್‌ಔಟ್ ಅನ್ನು ದೊಡ್ಡದಾಗಿ ಬಿಟ್ಟು, ಪ್ರತಿ ರಿಕ್ವೆಸ್ಟ್‌ಗೂ ಕ್ಯಾನ್ಸಲೇಷನ್ ಟೋಕನ್ ಸೋರ್ಸ್ ಮಾಡಿ ಅದರ ಕ್ಯಾನ್ಸಲ್ ಆಫ್ಟರ್‌ಗೆ ಆಗಿನ ವ್ಯಾಲ್ಯೂ ಕೊಡಿ. ಪೀರಿಯಾಡಿಕ್ ಟೈಮರ್‌ನ ಅವಧಿಯನ್ನು ಡಾಟ್ ನೆಟ್ 8ರಿಂದ ಬದಲಿಸಬಹುದು, ಅದಕ್ಕೂ ಮೊದಲಿನದಾದರೆ ಹೊಸ ಟೈಮರ್ ಮಾಡಬೇಕು.

ಡೇಟಾಬೇಸ್ ಕನೆಕ್ಷನ್ ಸ್ಟ್ರಿಂಗ್‌ನಂಥವನ್ನು ಓಡುವಾಗ ಬದಲಿಸದಿರುವುದೇ ಲೇಸು. ಅರ್ಧ ಕೆಲಸ ಒಂದು ಡೇಟಾಬೇಸ್‌ನಲ್ಲಿ, ಅರ್ಧ ಇನ್ನೊಂದರಲ್ಲಿ ಆದರೆ ಸರಿಪಡಿಸಲು ಆಗುವುದಿಲ್ಲ. ಅಂಥ ಸೆಟ್ಟಿಂಗ್‌ಗಳಿಗೆ ಬೇಕೆಂದೇ ಐ ಆಪ್ಷನ್ಸ್ ಬಳಸಿ, ಬದಲಾದರೆ ರೀಸ್ಟಾರ್ಟ್ ಬೇಕು ಎಂದು ಮಾನಿಟರ್‌ನ ಆನ್ ಚೇಂಜ್‌ನಿಂದ ಲಾಗ್‌ಗೆ ಒಂದು ಸಾಲು ಬರೆಯಿಸಿ. ಉಳಿದವಕ್ಕೆ ಪ್ರತಿ ರೀಲೋಡ್ ಆದಾಗ ಯಾವ ಕೀ ಯಾವುದರಿಂದ ಯಾವುದಕ್ಕೆ ಹೋಯಿತು ಎಂದು ಲಾಗ್ ಮಾಡಿ, ಪಾಸ್‌ವರ್ಡ್ ಬಿಟ್ಟು. ಡಿಪ್ಲಾಯ್ ಮಾಡಿದ ದಿನವೇ ಅಸಲಿ ಸರ್ವರ್‌ನಲ್ಲಿ ತೊಂದರೆ ಇಲ್ಲದ ಒಂದು ಸೆಟ್ಟಿಂಗ್ ಬದಲಿಸಿ ಆ ಸಾಲು ಬಂತೇ ನೋಡಿ. ಬರದಿದ್ದರೆ ಮೇಲಿನ ಮೂರು ಕಾರಣಗಳನ್ನು ಅದೇ ಕ್ರಮದಲ್ಲಿ ಹುಡುಕಿ: ಮೇಲಿನ ಪದರ, ಫೋಲ್ಡರ್, ವಾಚರ್.